ಮಗ್ಗುಲಲ್ಲಿ ಮಲಗುವವರಿಗೆ ಒಂದು ಪ್ರಶ್ನೆ

(ಕುಣಿಗಲ್, 31 ಆಗಸ್ಟ್ 1987. ಆರೋಗ್ಯ ಉಪಕೇಂದ್ರದ ಸಿಸ್ಟರ್ ಸರ್ವಮಂಗಳ ಅವರ ನಿವೃತ್ತಿಯ ದಿನ ನಡೆದ ಬೀಳ್ಕೊಡುಗೆ ಸಭೆಯಲ್ಲಿ ಪ್ರೆಸ್ ಜುಂಜಪ್ಪ ಆಡಿದ ಮಾತು)

ಸಭೆಯ ಅಧ್ಯಕ್ಷರಾದ ಷಡಕ್ಷರಿ ಮೇಷ್ಟ್ರೇ, ತುಮಕೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿರುವ ಡಾಕ್ಟರ್ ಸುಬ್ಬಲಕ್ಷ್ಮಮ್ಮನವರೇ, ಹಾರದೊಳಗೆ ಮುಖ ಕಾಣದಂತೆ ಕೂತಿರುವ ನಮ್ಮ ಸಿಸ್ಟರ್ ಸರ್ವಮಂಗಳ ಅವರೇ, ಬರುತ್ತೇನೆಂದು ಹೇಳಿ ಬಾರದ ಅಧಿಕಾರಿಗಳ ಖಾಲಿ ಕುರ್ಚಿಯೇ, ಮುಂದಿನ ಸಾಲಿನ ಅತ್ತೆಯರೇ, ಹಿಂದಿನ ಸಾಲಿನ ಸೊಸೆಯರೇ, ಬಾಗಿಲ ಹತ್ತಿರ ನಿಂತು ಬೀಡಿ ಸೇದಲು ಹೊರಗೆ ಹೋಗಲೋ ಬೇಡವೋ ಎಂದು ಯೋಚಿಸುತ್ತಿರುವ ಗಂಡಂದಿರೇ, ಸಭಿಕರೇ,

ಹೊಗಳಿಕೆ ಆಮೇಲೆ. ಮೊದಲು ಪಟ್ಟಿ.

ಎಂಬತ್ತೊಂದರಲ್ಲಿ ಅಧಿಕಾರಿಗಳು ಕೊಟ್ಟ ಮಾತು: ಬಸುರಿಯರ ರಿಜಿಸ್ಟರಿನಲ್ಲಿ ಒಂದು ಕಾಲಂ ಹೆಚ್ಚಿಗೆ ಅಚ್ಚಾಗುತ್ತದೆ. ‘ನಿದ್ದೆಯಲ್ಲಿ ಗೊರಕೆ ಇದೆಯೇ, ಉಸಿರು ನಿಂತು ನಿಂತು ಬರುತ್ತದೆಯೇ’ ಎಂದು. ಆಗಲಿಲ್ಲ. ನಮೂನೆ ಬದಲಿಸುವ ಅಧಿಕಾರ ನಮಗಿಲ್ಲ ಎಂದರು. ಯಾರಿಗಿದೆ ಎಂದು ಕೇಳಿದೆವು. ಅದನ್ನು ಹೇಳುವ ಅಧಿಕಾರವೂ ಇಲ್ಲ ಎಂದರು.

ಎಂಬತ್ಮೂರರಲ್ಲಿ ಕೊಟ್ಟ ಮಾತು: ಒಂದೊಂದು ಉಪಕೇಂದ್ರಕ್ಕೂ ಒಂದೊಂದು ಬಿ.ಪಿ. ನೋಡುವ ಯಂತ್ರ. ಬಂತು. ಬಂದು ಬೀರುವಿನೊಳಗೆ ಕೂತಿತು. ಬೀರುವಿನ ಬೀಗದಕೈ ಇಟ್ಟುಕೊಂಡಿದ್ದ ಗುಮಾಸ್ತರು ವರ್ಗವಾಗಿ ಹೋದರು. ಬೀಗದಕೈಯೂ ಅವರ ಜೊತೆಗೇ ವರ್ಗವಾಯಿತು.

ಎಂಬತ್ತೈದರಲ್ಲಿ ಕೊಟ್ಟ ಮಾತು: ಉಪಕೇಂದ್ರಕ್ಕೊಂದು ಮಂಚ. ಬಸುರಿ ಹೆಂಗಸು ಮಧ್ಯಾಹ್ನ ಒಂದು ತಾಸು ಮಲಗಬೇಕು, ಸಿಸ್ಟರ್ ಪಕ್ಕದಲ್ಲಿ ಕೂತು ಅವಳ ಉಸಿರು ಕೇಳಬೇಕು, ಅದಕ್ಕೆ. ‘ಕಚೇರಿ ವೇಳೆಯಲ್ಲಿ ಸರ್ಕಾರಿ ಕಟ್ಟಡದಲ್ಲಿ ನಿದ್ದೆಗೆ ಅವಕಾಶವಿಲ್ಲ’ ಎಂದು ಬರೆದು ಕಳಿಸಿದರು. ಬರೆದವರ ನಿದ್ದೆಯ ಕಥೆಯೂ ನನ್ನ ಹತ್ತಿರ ಇದೆ. ತಾಳಿ, ಬರುತ್ತೇನೆ.

ಕಳೆದ ವರ್ಷ ಕೊಟ್ಟ ಮಾತು: ತಾಲ್ಲೂಕಿನ ಉಳಿದ ಸಿಸ್ಟರುಗಳಿಗೆ ಒಂದು ದಿನದ ತರಬೇತಿ. ಮೂರು ಸಲ ದಿನ ಗೊತ್ತು ಮಾಡಿದರು. ಮೂರು ಸಲವೂ ರದ್ದು ಮಾಡಿದರು.

ಸಿಕ್ಕಿದ್ದು ಏನು? ಈ ಹಾರ. ಇದನ್ನೂ ಅವರು ಕೊಡಲಿಲ್ಲ. ನಾವೇ ಕಟ್ಟಿಸಿದ್ದು.

ಪಟ್ಟಿ ಮುಗಿಯಿತು. ಇನ್ನು ನಗಬಹುದು. ವೇದಿಕೆ ಹತ್ತುವ ಮೊದಲೇ ಮೇಷ್ಟ್ರು ನನ್ನ ತೋಳು ಹಿಡಿದು, ‘ಜುಂಜಪ್ಪ, ಇದು ಬೀಳ್ಕೊಡುಗೆ ಕಣಯ್ಯ, ಧರಣಿ ಅಲ್ಲ. ಒಸಿ ನಗ್‍ನಗ್ತಾ ಮಾತಾಡು’ ಅಂತ ಹೇಳಿದ್ದಾರೆ. ಮೇಷ್ಟ್ರೇ, ನಾನು ಅಚ್ಚುಮೊಳೆ ಜೋಡಿಸುವವನು. ಇಪ್ಪತ್ತು ವರ್ಷದಿಂದ ಈ ಊರಿನ ಮದುವೆ ಕಾಗದ, ತಿಥಿ ಕಾಗದ, ಚುನಾವಣೆ ಕಾಗದ ಎಲ್ಲಾ ಈ ಕೈಯಲ್ಲೇ ಆಗಿವೆ. ತುರ್ತುಪರಿಸ್ಥಿತಿಯಲ್ಲಿ ಒಂದು ಕರಪತ್ರ ಅಚ್ಚು ಹಾಕಿದ್ದಕ್ಕೆ ಹದಿನೇಳು ದಿನ ಒಳಗೆ ಕೂತು ಬಂದವನು. ನನಗೆ ಬೈಯಲು ಬರುತ್ತದೆ, ಹೊಗಳಲು ಬರುವುದಿಲ್ಲ. ಆದರೂ ಪ್ರಯತ್ನ ಮಾಡುತ್ತೇನೆ.

ನಾಳೆ ಬೆಳಿಗ್ಗೆ ಏನಾಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ನಾಳೆ ಉಪಕೇಂದ್ರಕ್ಕೆ ಹೊಸ ರಿಜಿಸ್ಟರ್ ಬರುತ್ತದೆ. ಅಚ್ಚಾದ ರಿಜಿಸ್ಟರ್, ಗಟ್ಟಿ ರಟ್ಟು. ಹನ್ನೊಂದು ವರ್ಷದಿಂದ ಸಿಸ್ಟರ್ ಪ್ರತಿ ಪುಟದ ಬಲಗಡೆ ಅಂಚಿನಲ್ಲಿ ರೂಲರ್ ಇಟ್ಟು ಕೆಂಪು ಇಂಕಿನಲ್ಲಿ ಒಂದು ಗೆರೆ ಎಳೆಯುತ್ತಿದ್ದರಲ್ಲ, ಆ ಗೆರೆ ಅದರಲ್ಲಿ ಇರುವುದಿಲ್ಲ. ‘ನಮೂನೆಯ ಹೊರಗೆ ಏನನ್ನೂ ಬರೆಯತಕ್ಕದ್ದಲ್ಲ’ ಎಂದು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿದೆ. ಅಂದರೆ ಸಿಸ್ಟರ್ ಮನೆಗೆ ಹೋದರೆ ಅವರ ಪ್ರಶ್ನೆಯೂ ಮನೆಗೆ ಹೋಗುತ್ತದೆ. ಅವರಿಗೆ ಪಿಂಚಣಿ ಬರುತ್ತದೆ. ಪ್ರಶ್ನೆಗೆ ಏನು ಬರುತ್ತದೆ?

ಆ ಗೆರೆ ಎಲ್ಲಿಂದ ಶುರುವಾಯಿತು, ಹೇಳುತ್ತೇನೆ. ಇದೊಂದು ಕಡೆ ನಗಲು ಆಗುವುದಿಲ್ಲ. ಬೇಗ ಹೇಳಿ ಮುಗಿಸುತ್ತೇನೆ.

ಎಪ್ಪತ್ತಾರು. ಹುಲಿಯೂರುದುರ್ಗದ ಆಚೆ ಒಂದು ಹಟ್ಟಿ. ನರಸಮ್ಮ ಎಂಬ ಹೆಣ್ಣುಮಗಳು, ಎಂಟು ತಿಂಗಳು. ಕೂತಲ್ಲಿ ತೂಕಡಿಸುತ್ತಿದ್ದಳು. ಕಳೆ ಕೀಳುವಾಗ ಸಾಲಿನಲ್ಲೇ ಕಣ್ಣು ಮುಚ್ಚುತ್ತಿದ್ದಳು. ಸೋಮಾರಿ ಅಂದರು. ದುಡಿಯೋಕೆ ಕಳ್ಳಿ ಅಂದರು. ಬೆಳಿಗ್ಗೆ ಎದ್ದರೆ ತಲೆನೋವು ಅಂದರೆ, ನಾಟಕ ಅಂದರು. ಒಂದು ದಿನ ಬಸುರಿನ ನಂಜೇರಿ, ಫಿಟ್ಸ್ ಬಂದು, ಗಾಡಿ ಕಟ್ಟುವಷ್ಟರಲ್ಲಿ ಹೋದಳು. ಮಣ್ಣು ಮಾಡಿ ಬಂದ ಮೇಲೆ ಅವಳ ಗಂಡ ಸಿಸ್ಟರ್ ಹತ್ತಿರ ಒಂದು ಮಾತು ಹೇಳಿದ. ‘ನಿದ್ದೇಲಿ ಅವಳ್ ಉಸ್ರು ನಿಂತ್ ನಿಂತ್ ಬರೋದು ಸಿಸ್ಟರಮ್ಮ. ಯಾರೂ ಕೇಳ್ಳಿಲ್ಲ, ನಾನೂ ಏಳ್ಳಿಲ್ಲ.’

ಆವತ್ತಿನ ರಿಜಿಸ್ಟರನ್ನು ಸಿಸ್ಟರ್ ನನಗೆ ತೋರಿಸಿದ್ದಾರೆ. ಸಂತಾನಹರಣ ಆಪರೇಷನ್ ಟಾರ್ಗೆಟ್ಟಿಗೆ ಅದರಲ್ಲಿ ಮೂರು ಕಾಲಂ ಇದ್ದವು. ಉಸಿರಿಗೆ ಒಂದೂ ಇರಲಿಲ್ಲ. ಅವರೇ ಗೆರೆ ಎಳೆದರು.

ಆದರೆ ಸಿಸ್ಟರೂ ಒಂದು ತಪ್ಪು ಮಾಡಿದರು. ಸನ್ಮಾನದ ದಿನ ತಪ್ಪು ಎತ್ತಿ ಆಡಬಾರದಂತೆ. ನಾನು ಆಡುತ್ತೇನೆ. ಅವರು ಬಸುರಿಯರನ್ನೇ ಕೇಳಿದರು: ‘ಏನಮ್ಮ, ನೀನು ಗೊರಕೆ ಹೊಡೀತೀಯಾ?’ ಎರಡು ವರ್ಷ ಕೇಳಿದರು. ಇನ್ನೂರಕ್ಕೂ ಹೆಚ್ಚು ಹೆಂಗಸರು. ಕೆಂಪು ಗೆರೆಯ ಆಚೆ ಮೇಲಿನಿಂದ ಕೆಳಗಿನವರೆಗೆ ಒಂದೇ ಪದ: ಇಲ್ಲ, ಇಲ್ಲ, ಇಲ್ಲ. ಇಡೀ ಕುಣಿಗಲ್ ತಾಲ್ಲೂಕಿನಲ್ಲಿ ಗೊರಕೆ ಹೊಡೆಯುವ ಹೆಂಗಸೇ ಇಲ್ಲ! ಇರಲಿಕ್ಕೆ ಸಾಧ್ಯವೇ? ತನ್ನ ಗೊರಕೆ ತಾನೇ ಕೇಳಿದವರು ಈ ಸಭೆಯಲ್ಲಿ ಯಾರಾದರೂ ಇದ್ದೀರಾ? ಇದ್ದರೆ ಕೈ ಎತ್ತಿ. ಮೇಷ್ಟ್ರೇ, ನೀವು ಎತ್ತಬೇಡಿ, ನಿಮ್ಮ ಮನೆಯವರು ಎತ್ತಿದ್ದಾರೆ, ಸಾಕು.

ಕೊನೆಗೆ ಒಂದು ದಿನ ಸಿಸ್ಟರಿಗೆ ಹೊಳೆಯಿತು. ನರಸಮ್ಮನ ಉಸಿರಿನ ವಿಷಯ ಹೇಳಿದವಳು ನರಸಮ್ಮ ಅಲ್ಲವಲ್ಲ, ಅವಳ ಗಂಡನಲ್ಲವೇ? ಹಾಗಾದರೆ ಕೇಳಬೇಕಾದದ್ದು ಮಗ್ಗುಲಲ್ಲಿ ಮಲಗುವವರನ್ನು. ಅಂಥವರಲ್ಲಿ ಅವರು ಕೇಳಿದ ಮೊದಲನೆಯ ಗಂಡಸು ಯಾರು?

ನಾನು.

ಎಪ್ಪತ್ತೊಂಬತ್ತರ ಫೆಬ್ರವರಿ. ನನ್ನ ಹೆಂಡತಿ ಹನುಮಂತಮ್ಮ ಚೊಚ್ಚಲ ಬಸುರಿ. ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ತಿರುಗಿ ನೋಡಬೇಡಿ, ಮನೆಗೆ ಹೋದಮೇಲೆ ಅನುಭವಿಸುವವನು ನಾನು. ಪ್ರೆಸ್ಸಿನಲ್ಲಿ ನಾನು ಒಂದು ಕರಪತ್ರಕ್ಕೆ ಮೊಳೆ ಜೋಡಿಸುತ್ತಿದ್ದೆ. ಹುಲಿಯೂರುದುರ್ಗದಲ್ಲಿ ಗುರುವಾರ ಸಭೆ. ಹೆಣ್ಣಾಳುಗಳಿಗೂ ಗಂಡಾಳಿನಷ್ಟೇ ಕೂಲಿ ಕೊಡಿ ಎಂಬ ಸಭೆ. ಸಿಸ್ಟರ್ ಛತ್ರಿ ಮಡಿಸಿಕೊಂಡು ಒಳಗೆ ಬಂದರು.

‘ಜುಂಜಪ್ಪನೋರೇ, ಹನುಮಂತಮ್ಮ ಮನೇಲಿಲ್ವಲ್ಲ?’

‘ತವರಿಗೆ ಹೋಗವ್ಳೆ ಸಿಸ್ಟರ್, ಗುಬ್ಬಿ ಕಡೆ.’

‘ಅವಳಿಗಿನ್ನೂ ಏಳು ತುಂಬಿಲ್ಲ. ಅಷ್ಟ್ ಬೇಗ ಯಾಕ್ ಕಳ್ಸಿದ್ರಿ?’

‘ಪ್ರೆಸ್ಸಲ್ಲಿ ಕೆಲ್ಸ ಜಾಸ್ತಿ ಸಿಸ್ಟರ್.’

‘ಪ್ರೆಸ್ಸಲ್ಲಿ ಕೆಲ್ಸ ಮಾಡೋದು ನೀವಲ್ವಾ?’

ನಾನು ಮೊಳೆಗಳ ಕಡೆ ನೋಡಿದೆ. ಅವರು ಕೂತರು. ‘ನಾಚ್ಕೋಬೇಡಿ, ಒಂದ್ ಮಾತ್ ಕೇಳ್ತೀನಿ. ಅವಳ ಮಗ್ಗುಲಲ್ಲಿ ಮಲಗ್ತಿದ್ದೋರು ಯಾರು?’

‘ಇದೇನ್ ಸಿಸ್ಟರ್ ಹಿಂಗ್ ಕೇಳ್ತೀರಾ? ನಾನೇ!’

‘ಗೊರಕೆ ಹೊಡೀತಿದ್ಳಾ?’

‘ಅಯ್ಯೋ, ಅದ್ನೇನ್ ಕೇಳ್ತೀರಾ. ಈ ಟ್ರೆಡಲ್ ಮಿಷನ್ನೇ ವಾಸಿ.’

‘ಮಧ್ಯೆ ಮಧ್ಯೆ ನಿಲ್ತಿತ್ತಾ?’

‘ನಿಲ್ತಿತ್ತು ಸಿಸ್ಟರ್. ದೇವ್ರಂಗೆ ನಿಲ್ತಿತ್ತು. ಅವಾಗ್ಲೇ ಅಲ್ವಾ ನಾನು ಒಂಚೂರು ನಿದ್ದೆ ಮಾಡ್ತಿದ್ದುದ್ದು!’

ಸಭಿಕರೇ, ನಾನು ನಕ್ಕೆ. ಮಿಷನ್ ತುಳಿಯುವ ಚನ್ನವೀರಯ್ಯನೂ ನಕ್ಕ. ಸಿಸ್ಟರ್ ನಗಲಿಲ್ಲ. ಅಲ್ಲಿಯವರೆಗೆ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದವರು ಅವತ್ತಿನಿಂದ ಇವತ್ತಿನವರೆಗೆ ಆ ವಚನ ಮತ್ತೆ ನನಗೆ ಕೊಟ್ಟಿಲ್ಲ. ‘ಗೊರಕೆ ನಿಂತ್ರೆ ಮನುಷ್ಯ ಉಸಿರಾಡ್ತಿರ್ಬೇಕಲ್ಲಯ್ಯ. ಆಡ್ತಿದ್ಳಾ? ನೋಡಿದ್ಯಾ?’

ನೋಡಿರಲಿಲ್ಲ. ನಿದ್ದೆ ಮಾಡಿದ್ದೆ.

ಅವಳನ್ನು ಏಳು ತುಂಬುವ ಮೊದಲೇ ತವರಿಗೆ ಯಾಕೆ ಕಳಿಸಿದೆ? ಪ್ರೆಸ್ಸು ಅಂತ ಅತ್ತೆಗೆ ಹೇಳಿದೆ, ಪ್ರೆಸ್ಸು ಅಂತ ಸಿಸ್ಟರಿಗೆ ಹೇಳಿದೆ, ಅವಳಿಗೂ ಅದನ್ನೇ ಹೇಳಿದೆ. ಎಂಟು ವರ್ಷದಿಂದ ಅದನ್ನೇ ಹೇಳಿಕೊಂಡು ಬಂದಿದ್ದೇನೆ. ಹಗಲೆಲ್ಲಾ ಮೊಳೆ ಜೋಡಿಸುವವನಿಗೆ ನಿದ್ದೆ ಬೇಕು, ಕಣ್ಣು ಮಂಜಾದರೆ ಅಕ್ಷರ ತಲೆಕೆಳಗಾಗುತ್ತವೆ, ಮದುವೆ ಕಾಗದದಲ್ಲಿ ವರನ ಹೆಸರು ತಪ್ಪಾಗುತ್ತದೆ... ಇರಲಿ. ಹನುಮಂತೀ, ತಲೆ ತಗ್ಗಿಸಬೇಡ. ತಗ್ಗಿಸಬೇಕಾದವನು ಮೈಕಿನ ಮುಂದೆ ಇದ್ದಾನೆ.

ಸಿಸ್ಟರ್ ಎದ್ದು ನಿಂತರು. ‘ಇವತ್ತೇ ಗುಬ್ಬಿಗೆ ಹೊರಡು.’

‘ಗುರ್ವಾರ ಮೀಟಿಂಗ್ ಐತೆ ಸಿಸ್ಟರ್. ಶುಕ್ರವಾರ ಹೋಗ್ತೀನಿ.’

‘ಯಾರ್ದು ಮೀಟಿಂಗು?’

‘ಹೆಂಗಸ್ರದ್ದು. ಹೆಂಗಸ್ರ ಹಕ್ಕಿಂದು.’

‘ನಿಮ್ಮನೇಲಿರೋಳು ಯಾರಯ್ಯ ಮತ್ತೆ?’

ಇಷ್ಟೇ ಅಂದರು. ಛತ್ರಿ ಬಿಚ್ಚಿಕೊಂಡು ಹೋದರು. ಪೊಲೀಸರು ಹದಿನೇಳು ದಿನದಲ್ಲಿ ಬಾಯಿ ಮುಚ್ಚಿಸಲಾಗದ ಮನುಷ್ಯನ ಬಾಯಿ ಮುಚ್ಚಿಸಿ ಹೋದರು. ನಾನು ಕರಪತ್ರ ಅರ್ಧಕ್ಕೇ ಬಿಟ್ಟು ತುಮಕೂರು ಬಸ್ಸು ಹತ್ತಿದೆ. ಅಲ್ಲಿಂದ ಗುಬ್ಬಿ. ಗುಬ್ಬಿಯಿಂದ ಮೂರು ಮೈಲಿ ನಡೆದೆ.

ನನ್ನ ಅತ್ತೆ ಚಿಕ್ಕಗಂಗಮ್ಮ ಮುಂದಿನ ಸಾಲಿನಲ್ಲಿದ್ದಾರೆ. ಇವರನ್ನು ಧಾರಾಳವಾಗಿ ನೋಡಬಹುದು, ಇವರಿಗೆ ಇಷ್ಟ. ಬಾಗಿಲಲ್ಲೇ ನಿಲ್ಲಿಸಿ ವಿಷಯ ಕೇಳಿದರು. ಹೇಳಿದೆ. ಅವರ ಕೈ ಸೊಂಟದ ಮೇಲೆ ಹೋಯಿತು.

‘ಏನಂದ್ರಿ ಅಳಿಯಂದ್ರೇ? ನನ್ ಮಗಳು ಗೊರ್ಕೆ ಹೊಡೀತಾಳಾ? ನಮ್ ವಂಸದಾಗೇ ಇಲ್ಲ ಅದು! ಹೊಡುದ್ರೆ ನಿಮ್ಮನೇಲಿ ಕಲ್ತಿರ್ಬೇಕು!’

‘ಅತ್ತೆ, ಅವಳ ಪಕ್ಕ ಮಲಗೋರು ನೀವೇ ತಾನೇ? ಕೇಳ್ಸಿಲ್ವಾ?’

‘ಒಂದಿನಾನೂ ಕೇಳ್ಸಿಲ್ಲ! ಆಣೆ ಮಾಡ್ಲಾ?’

ಜಗುಲಿಯ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದ ಮಾವ ಚೌಡಪ್ಪನವರು ಬಾಯಿ ಖಾಲಿ ಮಾಡಿಕೊಂಡು ಹೇಳಿದರು: ‘ಅವಳಿಗೆಲ್ ಕೇಳಿಸ್ತದೆ ಅಳಿಮಯ್ಯ? ಮೊದ್ಲು ಗೊರ್ಕೆ ಸುರು ಮಾಡೋಳೇ ಅವಳು. ಮೂವತ್ ವರ್ಸದಿಂದ ನಾನು ತೋಟದ್ ಗುಡ್ಲಲ್ಲಿ ಮಲಗ್ತಿರೋದು ಕಾಯಿ ಕಾಯೋಕೆ ಅಂತ ತಿಳ್ಕಂಡಿದ್ದೀಯಾ?’

ನೋಡಿದಿರಾ ನಮ್ಮ ಪದ್ಧತಿ? ಬಸುರಿಯನ್ನು ಏಳನೇ ತಿಂಗಳಲ್ಲಿ ಮಡಿಲು ತುಂಬಿ ತವರಿಗೆ ಕಳಿಸುತ್ತೇವೆ. ಒಳ್ಳೆಯ ಪದ್ಧತಿ, ನಾನು ಬೈಯುವುದಿಲ್ಲ. ಆದರೆ ಅವಳ ಉಸಿರು ನಿಂತದ್ದನ್ನು ಬಲ್ಲ ಗಂಡಸು ಕುಣಿಗಲಿನಲ್ಲಿ ಉಳಿಯುತ್ತಾನೆ. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ತಾಯಿ ಗುಬ್ಬಿಯಲ್ಲಿರುತ್ತಾಳೆ. ಅಕ್ಕಿ ಹೋಗುತ್ತದೆ, ಬೆಲ್ಲ ಹೋಗುತ್ತದೆ, ಕೊಬ್ಬರಿ ಹೋಗುತ್ತದೆ. ಸುದ್ದಿ ಹೋಗುವುದಿಲ್ಲ!

ಮಧ್ಯಾಹ್ನ ಮುದ್ದೆ ಉಂಡು ಹನುಮಂತಮ್ಮ ಚಾಪೆಯ ಮೇಲೆ ಒರಗಿದಳು. ಮುಖ ಊದಿತ್ತು, ಕಾಲೂ ಊದಿತ್ತು. ಕಾಲುಂಗುರ ಬಿಗಿಯಾಯಿತೆಂದು ಅತ್ತೆ ಹಿಂದಿನ ವಾರವೇ ಸೋಪು ಹಚ್ಚಿ ತೆಗೆದಿದ್ದರಂತೆ. ‘ತವರಿನ ಊಟ, ಮೈ ತುಂಬಿಕೊಂಡವ್ಳೆ’ ಎಂದು ಸಂತೋಷಪಟ್ಟಿದ್ದರಂತೆ. ನಾವು ಮೂವರೂ ಸುತ್ತ ಕೂತೆವು. ಗೊರಕೆ ಶುರುವಾಯಿತು. ಮಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಅತ್ತೆ, ‘ಇದೇನ್ ಗೊರ್ಕೆನಾ? ಏರಿದ್ ಉಸ್ರು ಅಷ್ಟೇ’ ಅಂದರು.

ಆಮೇಲೆ ಅದು ನಿಂತಿತು.

ಏನೂ ಸದ್ದಿಲ್ಲ. ಹನುಮಂತಮ್ಮನ ಎದೆ ಎಳೆಯುತ್ತಿದೆ, ಹೊಟ್ಟೆ ಒಳಗೆ ಹೋಗುತ್ತಿದೆ, ಮೂಗಿನಲ್ಲಿ ಗಾಳಿಯಿಲ್ಲ. ಅತ್ತೆ ತುಟಿ ಬಿಗಿದು ಮಗಳ ಮುಖವನ್ನೇ ನೋಡುತ್ತಿದ್ದರು. ಅವರಿಗೇ ತಿಳಿಯದೆ ಅವರೂ ಉಸಿರು ಹಿಡಿದಿದ್ದರು. ಅವರ ಮುಖ ಕೆಂಪಾಯಿತು. ಕತ್ತಿನ ನರ ಎದ್ದಿತು. ‘ಅಮ್ಮಾ’ ಎಂದು ಅವರು ಬಾಯಿ ತೆರೆದು ಗಾಳಿ ಎಳೆದುಕೊಂಡರು. ಮಗಳು ಇನ್ನೂ ಎಳೆದುಕೊಂಡಿರಲಿಲ್ಲ.

ಆಮೇಲೆ ಎಳೆದುಕೊಂಡಳು. ಬಾವಿಯಲ್ಲಿ ಮುಳುಗಿದವರು ಮೇಲೆ ಬಂದಂತೆ, ಮೈಯೆಲ್ಲಾ ಅದುರಿ. ಎಚ್ಚರವಾಗಲಿಲ್ಲ. ಮತ್ತೆ ಗೊರಕೆ.

ಆ ಮೌನದ ಒಳಗೆ ನಾನು ಎಷ್ಟು ದಿನ ಹಾಯಾಗಿ ಮಲಗಿದ್ದೆ ಎಂಬುದು ಆಗ ನನಗೆ ಗೊತ್ತಾಯಿತು.

ಚಿಕ್ಕಗಂಗಮ್ಮ ಅಳಲಿಲ್ಲ, ವಾದವನ್ನೂ ಮಾಡಲಿಲ್ಲ. ಎದ್ದು ಸೆರಗು ಸಿಕ್ಕಿಸಿ ಮಾವನ ಮೇಲೆ ಹಾಯ್ದರು. ‘ಏನ್ ಪಿಳಿಪಿಳಿ ನೋಡ್ತಾ ಕುಂತಿದ್ದೀಯಾ? ಗಾಡಿ ಕಟ್ಟು!’

ತುಮಕೂರಿನ ಆಸ್ಪತ್ರೆಯಲ್ಲಿ ಇದೇ ಡಾಕ್ಟರ್ ಸುಬ್ಬಲಕ್ಷ್ಮಮ್ಮನವರು ಇದ್ದರು. ಬಿ.ಪಿ. ನೋಡಿ, ನನ್ನ ಮುಖ ನೋಡಿ, ‘ಒಂದು ವಾರ ಬಿಟ್ಟು ಬಂದಿದ್ದರೆ ನನ್ನ ಕೈಲಿ ಏನೂ ಹೇಳೋಕಾಗ್ತಿರಲಿಲ್ಲ’ ಅಂದರು. ಗುರುವಾರದ ಮೀಟಿಂಗು, ಶುಕ್ರವಾರದ ಆಯಾಸ, ಶನಿವಾರದ ಸಂತೆ. ವಾರ ಆಗಿಯೇ ಬಿಡುತ್ತಿತ್ತು.

ಡಾಕ್ಟರಮ್ಮ ಅವತ್ತು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದರೆ ಅವರು ತಿದ್ದಲಿ. ನಿದ್ದೆಯಲ್ಲಿ ಗಂಟಲಿನ ದಾರಿ ಸಡಿಲವಾಗಿ ಮುಚ್ಚಿಕೊಳ್ಳುತ್ತದೆ. ಎದೆ ಎಳೆಯುತ್ತದೆ, ಗಾಳಿ ಹೋಗುವುದಿಲ್ಲ. ಬಸುರಿಯಲ್ಲಿ ಮೂಗಿನ ಒಳಗೆ ಊದುತ್ತದೆ, ಮೈ ಭಾರವಾಗುತ್ತದೆ, ಹಾಗಾಗಿ ಇದು ಕೆಲವರಿಗೆ ಆಗಲೇ ಶುರುವಾಗುತ್ತದೆ. ಇಂಥವರಲ್ಲಿ ಬಿ.ಪಿ. ಏರುವುದೂ ಉಂಟು, ಏರಿದರೆ ತಾಯಿ ಮಗು ಇಬ್ಬರಿಗೂ ಅಪಾಯ. ಎಲ್ಲಾ ಗೊರಕೆಯೂ ಕಾಯಿಲೆಯಲ್ಲ, ಹೆದರಬೇಡಿ. ಗೊರಕೆಯ ಜೊತೆ ಉಸಿರೂ ನಿಂತು, ಬೆಚ್ಚಿ ಎಳೆದುಕೊಂಡು, ಹಗಲೆಲ್ಲಾ ತೂಕಡಿಸಿ, ಬೆಳಿಗ್ಗೆ ತಲೆನೋವು ಅಂದರೆ ಸುಮ್ಮನಿರಬೇಡಿ. ಹೊರದೇಶದ ಪುಸ್ತಕಗಳಲ್ಲಿ ಈಗೀಗ ಇದನ್ನು ಬರೆಯುತ್ತಿದ್ದಾರಂತೆ. ಬಸುರಿಯರ ಬಗ್ಗೆ ಇನ್ನೂ ಹೆಚ್ಚು ಬರೆದಿಲ್ಲವಂತೆ. ನಮ್ಮ ಸಿಸ್ಟರ್ ಕೆಂಪು ಇಂಕಿನಲ್ಲಿ ಎಪ್ಪತ್ತಾರರಿಂದ ಬರೆಯುತ್ತಿದ್ದಾರೆ!

ಅಂಗಾತ ಮಲಗಬಾರದು, ಎಡ ಮಗ್ಗುಲಿಗೇ ಮಲಗಬೇಕು ಎಂದು ಡಾಕ್ಟರಮ್ಮ ಹೇಳಿದರು. ನಿದ್ದೆಯಲ್ಲಿ ಹೊರಳಿದರೆ? ಅತ್ತೆ ಸುಮ್ಮನೆ ಕೂರುವವರಲ್ಲ. ಊರಿನಿಂದ ಒಂದು ಕೊಬ್ಬರಿ ಗಿಟುಕು ತರಿಸಿ, ಹಳೇ ಸೀರೆಯಲ್ಲಿ ಸುತ್ತಿ, ಮಗಳ ಬೆನ್ನಿಗೆ ಕಟ್ಟಿದರು. ಹೊರಳಿದರೆ ಒತ್ತುತ್ತದೆ, ತಾನೇ ಮಗ್ಗುಲಾಗುತ್ತಾಳೆ. ಡಾಕ್ಟರಮ್ಮ ಮೊದಲು ನಕ್ಕರು. ಎರಡನೇ ದಿನ, ‘ಚಿಕ್ಕಗಂಗಮ್ಮನೋರೇ, ಆ ಮೂಲೆ ಮಂಚದವಳಿಗೂ ಒಂದು ಕಟ್ಟಿ’ ಅಂದರು. ಐದು ವಾರ ಆ ವಾರ್ಡಿನಲ್ಲಿ ನಮ್ಮ ಅತ್ತೆಯದೇ ದರ್ಬಾರು. ಬಿಡುಗಡೆಯ ದಿನ ಗಿಟುಕುಗಳನ್ನು ವಾಪಸು ತಂದು ಹೋಳಿಗೆಗೆ ಹೆರೆದು ಹಾಕಿದರು. ತಿಂದವರಲ್ಲಿ ನಾನೂ ಒಬ್ಬ.

ಮಗಳು ಹುಟ್ಟಿದಳು. ತಾಯಿ ಉಳಿದಳು. ನಾನು ಮಗಳಿಗೆ ಸಮತಾ ಎಂದು ಹೆಸರಿಟ್ಟೆ. ಅತ್ತೆ ಇವತ್ತಿಗೂ ಅವಳನ್ನು ಪುಟ್ಟಗಂಗಿ ಅಂತಲೇ ಕೂಗುತ್ತಾರೆ. ಅವಳು ಓಗೊಡುವುದು ಪುಟ್ಟಗಂಗಿಗೇ. ಹುಲಿಯೂರುದುರ್ಗದ ಸಭೆ ನಾನಿಲ್ಲದೆಯೇ ನಡೆಯಿತು. ನಾನಿದ್ದಾಗಿನಕ್ಕಿಂತ ಚೆನ್ನಾಗಿ ನಡೆಯಿತೆಂದು ಕೇಳಿದೆ.

ಸಿಸ್ಟರ್ ಈ ಕಥೆಯನ್ನೆಲ್ಲ ಕೇಳಿಸಿಕೊಂಡರು. ನನ್ನ ಕಣ್ಣೀರು ಅವರಿಗೆ ಬೇಕಿರಲಿಲ್ಲ. ಎರಡು ಸಂಗತಿ ಬೇಕಿದ್ದವು, ಎತ್ತಿಕೊಂಡರು. ಒಂದು, ಅತ್ತೆಯ ಉಸಿರು. ಬಿ.ಪಿ. ಯಂತ್ರ ಇಲ್ಲದಿದ್ದರೆ ಬೇಡ, ಎದೆ ಎಲ್ಲರಿಗೂ ಇದೆ. ಮಲಗಿದವಳ ಉಸಿರು ನಿಂತಾಗ ಪಕ್ಕದಲ್ಲಿ ಕೂತವರೂ ಉಸಿರು ಹಿಡಿಯಿರಿ. ನಿಮಗೆ ಕಷ್ಟವಾಗುವಷ್ಟು ಹೊತ್ತು ಅವಳದು ಬಾರದಿದ್ದರೆ ಕರೆದುಕೊಂಡು ಬನ್ನಿ. ಇನ್ನೊಂದು, ಮಡಿಲು. ಅಂಚೆಯಲ್ಲಿ ಹೋಗದ ಸುದ್ದಿ ಮಡಿಲಲ್ಲಿ ಹೋಗಲಿ ಎಂದರು. ಗೊರಕೆ, ಉಸಿರಿನ ಪ್ರಶ್ನೆಗಳಿರುವ ಒಂದು ಕಾರ್ಡನ್ನು ನನ್ನಿಂದ ಅಚ್ಚು ಹಾಕಿಸಿದರು. ಅರ್ಧ ಗಂಡನ ಮನೆಯವರು ತುಂಬಬೇಕು, ಅರ್ಧ ತವರಿನವರು. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆಯ ಜೊತೆ ಕಾರ್ಡು.

ಅಲ್ಲಿಯವರೆಗೆ, ‘ನಮ್ ಸೊಸೆ ಸೋಮಾರಿ, ಹಗಲೆಲ್ಲಾ ನಿದ್ದೆ’ ಎನ್ನುತ್ತಿದ್ದ ಅತ್ತೆಯರು ಕಾರ್ಡು ಕೈಗೆ ಬಂದ ಮೇಲೆ ಏನಾದರು ಗೊತ್ತೇ? ಡಾಕ್ಟರುಗಳಾದರು! ಅರಿಶಿನ ಕುಂಕುಮದ ತಟ್ಟೆಯಲ್ಲಿ ಇಡುವ ಕಾಗದದ ಮೇಲೆ ಸುಳ್ಳು ಬರೆಸಲು ಯಾರಿಗೂ ಮನಸ್ಸು ಬರುವುದಿಲ್ಲ. ಓದು ಬಾರದವರು ಮಗನ ಕೈಯಲ್ಲಿ ಬರೆಸಿದರು, ಮಗನ ಮೇಲೆ ನಂಬಿಕೆ ಸಾಲದೆ ಮೇಷ್ಟ್ರ ಹತ್ತಿರ ಓದಿಸಿದರು. ಎಂಟು ವರ್ಷದಲ್ಲಿ ಕಾರ್ಡಿನ ಮೇಲೆ ಸಿಸ್ಟರ್ ತುಮಕೂರಿಗೆ ಕಳಿಸಿದವರು ಮೂವತ್ತೊಂದು ಜನ. ಒಬ್ಬಳ ಮಗು ಉಳಿಯಲಿಲ್ಲ. ಒಬ್ಬಳು ಊರು ಬಿಟ್ಟಳು, ಗೊತ್ತಿಲ್ಲ. ಉಳಿದ ಇಪ್ಪತ್ತೊಂಬತ್ತು ಮಕ್ಕಳಲ್ಲಿ ಅರ್ಧಕ್ಕರ್ಧ ಈ ಹಾಲಿನಲ್ಲೇ ಓಡಾಡುತ್ತಾ ನನ್ನ ಭಾಷಣ ಕೆಡಿಸುತ್ತಿವೆ. ಕೆಡಿಸಲಿ.

ಇನ್ನು ಅಧಿಕಾರಿಗಳ ನಿದ್ದೆ. ಅವರು ಕೊಟ್ಟ ಮಾತು ಮತ್ತೆ ಮತ್ತೆ ತಪ್ಪಿದ್ದಕ್ಕೆ ನಾವು ಎಂಬತ್ತೈದರಲ್ಲಿ ಅರ್ಜಿ ಹಿಡಿದು ಅವರ ಕಚೇರಿಗೆ ಹೋದೆವು. ಮಧ್ಯಾಹ್ನ, ಊಟದ ಮೇಲೆ. ಸಿಸ್ಟರ್ ಅರ್ಜಿ ಓದಿದರು. ಎರಡನೇ ಪುಟಕ್ಕೆ ಅಧಿಕಾರಿಗಳ ತಲೆ ಹಿಂದಕ್ಕೆ ಬಿತ್ತು. ಮೂರನೇ ಪುಟಕ್ಕೆ ಗೊರಕೆ. ನಾನು ಮೇಜು ಕುಟ್ಟಲು ಕೈ ಎತ್ತಿದೆ. ಸಿಸ್ಟರ್ ನನ್ನ ಕೈ ಹಿಡಿದು ನಿಲ್ಲಿಸಿದರು. ಅವರ ಕೆನ್ನೆ ಉಬ್ಬಿತ್ತು. ಉಸಿರು ಹಿಡಿದಿದ್ದರು! ಅಧಿಕಾರಿಗಳದು ನಿಂತಿತ್ತು. ನಾವು ಒಂಬತ್ತು ಜನ ಹೋಗಿದ್ದವರು, ಒಂಬತ್ತು ಜನವೂ ಉಸಿರು ಹಿಡಿದು ಮೇಜಿನ ಸುತ್ತ ನಿಂತೆವು. ಜವಾನ ಬಾಗಿಲಲ್ಲಿ ಇಣುಕಿ ಗಾಬರಿಯಾಗಿ ಓಡಿದ. ಅಧಿಕಾರಿಗಳು ಬೆಚ್ಚಿ ಎದ್ದು, ‘ಹೇಳಿ, ಹೇಳಿ, ಕಣ್ಣು ಮುಚ್ಚಿ ಕೇಳ್ತಾ ಇದ್ದೆ’ ಅಂದರು. ಸಿಸ್ಟರ್ ಮೆಲ್ಲಗೆ, ‘ಸಾರ್, ನಿಮ್ಮ ಮನೆಯವರನ್ನ ಒಂದ್ಸಲ ಕೇಳಿ’ ಅಂದರು.

ಹದಿನೈದು ದಿನಕ್ಕೆ ಅವರ ಮನೆಯವರೇ ಕುಣಿಗಲಿಗೆ ಬಂದು ಸಿಸ್ಟರನ್ನು ಹುಡುಕಿಕೊಂಡು ಹೋದರು. ಎರಡು ಕೊಬ್ಬರಿ ಗಿಟುಕು ಒಯ್ದರು. ಅರ್ಜಿಗೆ ಮಾತ್ರ ಸಹಿ ಬರಲಿಲ್ಲ. ಆಮೇಲೆ ಬಂದದ್ದು ನಿದ್ದೆಗೆ ಅವಕಾಶವಿಲ್ಲ ಎಂಬ ಆ ಕಾಗದ.

ಇವತ್ತು ಆ ಕುರ್ಚಿಯಲ್ಲಿ ಬೇರೆಯವರಿದ್ದಾರೆ. ಅವರೂ ಇಲ್ಲಿಗೆ ಬರುತ್ತೇನೆ ಎಂದಿದ್ದರು. ಅವರಿಗೆಂದು ಹಾಕಿದ ಕುರ್ಚಿಯ ಮೇಲೆ ನಮ್ಮ ಹೆಂಗಸರು ಒಂದು ದಿಂಬು ಇಟ್ಟಿದ್ದಾರೆ. ಯಾರೂ ತೆಗೆಯಬೇಡಿ. ಅದನ್ನು ಅವರಿಗೆ ತಲುಪಿಸುವ ವ್ಯವಸ್ಥೆ ಆಗಿದೆ.

ಹೊಗಳುತ್ತೇನೆ ಎಂದಿದ್ದೆ. ಸಿಸ್ಟರ್, ನನಗೆ ಬರುವ ಹೊಗಳಿಕೆ ಇಷ್ಟೇ: ನೀವು ಇನ್ನೂರು ಸುಳ್ಳು ‘ಇಲ್ಲ’ಗಳನ್ನು ಬರೆದುಕೊಂಡ ಮೇಲೆ ಹೆಂಗಸರನ್ನು ಬೈಯಲಿಲ್ಲ. ನಿಮ್ಮ ಪ್ರಶ್ನೆಯನ್ನೇ ತಿದ್ದಿಕೊಂಡಿರಿ. ಇಪ್ಪತ್ತು ವರ್ಷ ಚಳವಳಿ ಮಾಡಿದ ನಾನು ಎಷ್ಟು ಸಲ ನನ್ನ ಪ್ರಶ್ನೆ ತಿದ್ದಿಕೊಂಡಿದ್ದೇನೆ? ಕೂಗಿದ್ದೇನೆ. ಪಕ್ಕದಲ್ಲಿ ಕೂತು ಕೇಳಿದ್ದು ನೀವು ಕಲಿಸಿದ ಮೇಲೆ. ಈಗಲೂ ಗೊರಕೆ ಕೇಳಿದರೆ ನನಗೆ ನಿದ್ದೆ ಬರುತ್ತದೆ. ನಿಂತರೆ ಎಚ್ಚರವಾಗುತ್ತದೆ. ಎದ್ದು ಕೂತು ಉಸಿರು ಹಿಡಿಯುತ್ತೇನೆ. ಹನುಮಂತಮ್ಮ, ‘ಸುಮ್ನೆ ಮಲ್ಕಳಿ, ಮಗ್ಗುಲಾದೆ ಅಷ್ಟೇ’ ಅಂತ ಬೈಯುತ್ತಾಳೆ. ಆ ಬೈಗುಳ ಕೇಳಿ ಮಲಗುತ್ತೇನೆ.

ನಾಳೆ ಕೆಲಸಕ್ಕೆ ಸೇರುವ ಹೊಸ ಸಿಸ್ಟರ್ ಕೊನೆಯ ಸಾಲಿನಲ್ಲಿ ಕೂತಿದ್ದಾರೆ. ಹೆದರಿದ್ದಾರೆ, ಕಾಣುತ್ತಿದೆ. ಅಮ್ಮಾ, ನೀವು ಗೆರೆ ಎಳೆಯಬೇಡಿ. ನಿಮ್ಮ ನೌಕರಿಗೆ ಕುತ್ತು ಬೇಡ. ಈ ಹಾಲಿನಲ್ಲಿ ಪ್ರತಿಯೊಬ್ಬರ ಕುರ್ಚಿಯ ಮೇಲೂ ಒಂದು ಕಾರ್ಡು ಇತ್ತಲ್ಲ, ಕೆಲವರು ಅದರಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದೀರಿ, ಅದು ಮೂರು ಸಾವಿರ ಅಚ್ಚಾಗಿದೆ. ಮೇಲೆ ಒಂದೇ ಸಾಲು: ‘ಮಗ್ಗುಲಲ್ಲಿ ಮಲಗುವವರಿಗೆ ಒಂದು ಪ್ರಶ್ನೆ.’ ಪ್ರಶ್ನೆಯನ್ನು ನಾವೇ ಹೊತ್ತು ತರುತ್ತೇವೆ, ಉತ್ತರವನ್ನೂ ನಾವೇ ತರುತ್ತೇವೆ. ನೀವು ಕೈ ಚಾಚಿ ತೆಗೆದುಕೊಂಡು ಓದಿ, ಸಾಕು. ಓದಬಾರದು ಎಂದು ಯಾವ ನಮೂನೆಯಲ್ಲೂ ಅಚ್ಚಾಗಿಲ್ಲ.

ಮತ್ತೆ, ಕಾಲಂ ಬಿಟ್ಟುಬಿಟ್ಟೆವಾ? ಬಿಡುವುದುಂಟೇ? ಗಂಟಲು ಹರಿಯುವಂತೆ ಘೋಷಣೆ ಕೂಗಿ ನೋಡಿದ್ದಾಯಿತು. ಈ ಸಲ ಕೂಗುವುದಿಲ್ಲ. ಅಧಿಕಾರಿಗಳ ಕಚೇರಿಯ ಮುಂದಿನ ಹೊಂಗೆ ಮರದ ನೆರಳಿನಲ್ಲಿ ಎಲ್ಲರೂ ಮಲಗುತ್ತೇವೆ. ಅತ್ತೆಯರು, ಸೊಸೆಯರು, ಗಂಡಂದಿರು. ಒಬ್ಬರು ಮಲಗಬೇಕು, ಒಬ್ಬರು ಪಕ್ಕದಲ್ಲಿ ಕೂತು ಕೇಳಬೇಕು. ಒಂದು ತಾಸು. ನಮ್ಮ ಅತ್ತೆ ಚಿಕ್ಕಗಂಗಮ್ಮನವರು ಮುಂದಾಳತ್ವ ವಹಿಸಿ ಮೊದಲು ಮಲಗಲು ಒಪ್ಪಿದ್ದಾರೆ. ಅವರ ಒಂದು ಗೊರಕೆ ಸಾಕು, ಮೂರನೇ ಮಹಡಿಯವರೆಗೆ ಕೇಳುತ್ತದೆ. ದಿಂಬು ತಲುಪಿಸುವವರೂ ಅವರೇ.

ಒಂದೇ ಒಂದು ವಿನಾಯಿತಿ. ಆ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ಒಬ್ಬಳು ಬಸುರಿ ಮಲಗಿದ್ದರೆ, ಅವಳ ಪಕ್ಕದಲ್ಲಿ ಕೂರಲು ಬೇರೆ ಯಾರೂ ಇಲ್ಲದಿದ್ದರೆ, ನೀವು ಬರಬೇಡಿ. ಮೀಟಿಂಗಿಗೆ ಬರಬೇಡಿ ಎಂದು ಜುಂಜಪ್ಪ ಹೇಳುತ್ತಿರುವುದು ಇದೇ ಮೊದಲು. ಮನೆಯಲ್ಲೇ ಕೂತು ಕೇಳಿ. ನಿಮ್ಮ ಹಾಜರಿ ನಾನು ಹಾಕುತ್ತೇನೆ.

ಇಷ್ಟು ಹೊತ್ತು ಉಸಿರು ಬಿಗಿಹಿಡಿದು ಕೇಳಿದ ನಿಮಗೆ, ಮಧ್ಯೆ ಮೂರು ಸಲ ಗಡಿಯಾರ ತೋರಿಸಿದ ಅಧ್ಯಕ್ಷರಿಗೆ, ಡಾಕ್ಟರಮ್ಮನಿಗೆ, ಮೂರನೇ ಸಾಲಿನಲ್ಲಿ ಈಗ ತಲೆ ಎತ್ತಿ ಕೂತಿರುವವಳಿಗೆ, ನಮ್ಮ ಸಿಸ್ಟರಿಗೆ ನನ್ನ ವಂದನೆ. ನಮಸ್ಕಾರ.

ಸೆಪ್ಟೆಂಬರ್ ಹತ್ತು, ಗುರುವಾರ. ಮಧ್ಯಾಹ್ನ ಒಂದೂವರೆ ಗಂಟೆ. ಉಂಡು ಬನ್ನಿ, ಚಾಪೆ ತನ್ನಿ.